ಬಿಡ್ತು ಅನ್ನಿಸದೆ ಹೋದ ಮಾತು

ನಮ್ಮಜ್ಜಿಯ ಮನೆಯಲ್ಲಿ ಅಕ್ಕಿ ಎಂದೂ ಮುಗಿಯುತ್ತಿರಲಿಲ್ಲ. ಡಬ್ಬದ ತಳ ಕಂಡ ದಿನ ಅಜ್ಜಿ, "ಅಕ್ಕಿ ತುಂಬಿದೆ, ಅಂಗಡಿಗೆ ಹೋಗಿ ಬಾ" ಎನ್ನುತ್ತಿದ್ದಳು. ದೀಪ ಆರುತ್ತಿರಲಿಲ್ಲ, ಶಾಂತವಾಗುತ್ತಿತ್ತು. ಬಳೆ ಒಡೆಯುತ್ತಿರಲಿಲ್ಲ, ಹೆಚ್ಚುತ್ತಿತ್ತು. ಯಾರೂ ಹೋಗುತ್ತಿರಲಿಲ್ಲ, ಎಲ್ಲರೂ ಬರುತ್ತೇನೆ ಎಂದು ಹೇಳಿಯೇ ಹೊಸ್ತಿಲು ದಾಟುತ್ತಿದ್ದರು. ನಾನು ಮಾತು ಕಲಿತದ್ದು ಆ ಮನೆಯಲ್ಲಿ. ಯಾವುದನ್ನು ಹೇಗೆ ಹೇಳಬೇಕು ಎನ್ನುವುದಕ್ಕಿಂತ ಮೊದಲು, ಯಾವುದನ್ನು ಹೇಳಬಾರದು ಎಂಬುದನ್ನು ಕಲಿತೆ.

ಮಕ್ಕಳ ಬಾಯಿ ಒಮ್ಮೊಮ್ಮೆ ಜಾರುತ್ತಿತ್ತು. "ನಾನು ಈ ಮರದಿಂದ ಬಿದ್ದು ಕಾಲು ಮುರಿದುಕೊಂಡರೆ ಸ್ಕೂಲಿಗೆ ಹೋಗೋ ಹಾಗಿಲ್ಲ, ಅಲ್ವಾ ಅಜ್ಜಿ?" ಎಂದು ಒಂದು ಸಲ ಕೇಳಿದ್ದೆ. ಅಜ್ಜಿ ಹೆಚ್ಚುತ್ತಿದ್ದ ಸೌತೆಕಾಯಿಯನ್ನು ಕೆಳಗಿಟ್ಟಳು.

"ಬಿಡ್ತು ಅನ್ನು."

"ಸುಮ್ನೆ ಹೇಳಿದ್ದು ಅಜ್ಜಿ."

"ಬಿಡ್ತು ಅನ್ನು ಅಂದೆ."

ನಾನು "ಬಿಡ್ತು" ಅನ್ನುವವರೆಗೆ ಅವಳ ಕಣ್ಣು ನನ್ನ ತುಟಿಯ ಮೇಲೆಯೇ ಇತ್ತು. ಊರಿನ ಮೇಲೆ ಅಸ್ತು ದೇವತೆಗಳು ಸದಾ ಓಡಾಡುತ್ತಿರುತ್ತಾರಂತೆ. ನಾವು ಒಳ್ಳೆಯದು ಆಡಲಿ, ಕೆಟ್ಟದ್ದು ಆಡಲಿ, ಅವರಿಗೆ ಬೇರೆ ಮಾತು ಬಾರದು. ಅಸ್ತು, ಹಾಗೇ ಆಗಲಿ, ಅಂದುಬಿಡುತ್ತಾರಂತೆ. ಅವರು ಅನ್ನುವ ಮೊದಲು ಆಡಿದ ಮಾತನ್ನು ಬಿಟ್ಟೆ ಎಂದು ನಾವೇ ಹೇಳಬೇಕು. ಇದರಲ್ಲಿ ಅಜ್ಜಿಯದೊಂದು ಕಟ್ಟುನಿಟ್ಟು ಇತ್ತು. ಆಡಿದವರಿಗಿಂತ ಕೇಳಿಸಿಕೊಂಡವರ ಹೊಣೆ ದೊಡ್ಡದು. "ಆಡೋನಿಗೆ ಬುದ್ಧಿ ಇರಲ್ಲ. ಕೇಳಿಸ್ಕೊಂಡೋರಿಗಾದ್ರೂ ಇರ್ಬೇಕು. ಬಿಡ್ತು ಅನ್ನಿಸದೆ ಬಿಟ್ರೆ ಅದು ಕೇಳಿಸ್ಕೊಂಡೋರ ತಪ್ಪು" ಎನ್ನುತ್ತಿದ್ದಳು.

ಇಂಥ ಮನೆಯಿಂದ ಬಂದವಳು ನಾನು ಹೊಟ್ಟೆಪಾಡಿಗೆ ಹಿಡಿದದ್ದು ಇಂಗ್ಲಿಷ್ ವ್ಯಾಕರಣ. ಅದರಲ್ಲೂ ಮಕ್ಕಳು ಹೆಚ್ಚು ತಡವರಿಸುವ ಪಾಠ ಷರತ್ತಿನ ವಾಕ್ಯಗಳದ್ದು: ಹೀಗಾದರೆ ಹಾಗಾಗುತ್ತದೆ, ಹೀಗಾಗಿದ್ದರೆ ಹಾಗಾಗುತ್ತಿತ್ತು. ಪಠ್ಯಪುಸ್ತಕ ಬರೆಯುವವರಿಗೆ ಏನು ಸಿಟ್ಟೋ ಕಾಣೆ, ಆ ಪಾಠದ ಉದಾಹರಣೆಗಳಲ್ಲೆಲ್ಲ ಮನೆಗಳಿಗೆ ಬೆಂಕಿ ಬೀಳುತ್ತದೆ, ರೈಲು ತಪ್ಪುತ್ತದೆ, ಔಷಧಿ ಕುಡಿಯದವನು ಸಾಯುತ್ತಾನೆ. ಪಾಠ ಮಾಡುವಾಗ ಪ್ರತಿ ವಾಕ್ಯಕ್ಕೂ ನಾನು ಒಳಗೊಳಗೇ ಬಿಡ್ತು ಅಂದುಕೊಂಡದ್ದುಂಟು.

ಕಾಲೇಜಿನಿಂದ ನಿವೃತ್ತಳಾದ ಮೇಲೆ, ಭದ್ರಾವತಿಯ ನ್ಯೂ ಟೌನಿನಲ್ಲಿ ಭಾನುವಾರ ಮಧ್ಯಾಹ್ನದ ಒಂದು ತರಗತಿ ಒಪ್ಪಿಕೊಂಡೆ. ಶಿವಮೊಗ್ಗದ ರಾಗಿಗುಡ್ಡದ ನನ್ನ ಮನೆಯಲ್ಲಿ ಊಟ ಮುಗಿಸಿ ಬಸ್ಸು ಹತ್ತಿದರೆ, ಅಲ್ಲಿಯ ಶಾಲೆಯೊಂದರ ಕೋಣೆಯಲ್ಲಿ ಬೆಂಚುಗಳು ಕಾಯುತ್ತಿದ್ದವು. ಬರುತ್ತಿದ್ದವರು ಕೆಲಸದ ಸಂದರ್ಶನಕ್ಕೆ ಮಾತಾಡುವ ಇಂಗ್ಲಿಷ್ ಬೇಕಾದವರು. ಅಂಗಡಿಯ ಹುಡುಗಿಯರು, ಫಾರ್ಮಸಿ ಓದಿದವರು, ಮತ್ತೆ ಒಬ್ಬಳು ನರ್ಸು.

ನರ್ಸಿಗೆ ನಲವತ್ತು ದಾಟಿತ್ತು. ಊರಿನ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಮದುವೆಯಾದಾಗಿನಿಂದ ಕೆಲಸ. ಅದರ ಡಾಕ್ಟರಿಗೆ ವಯಸ್ಸಾಗಿ, ಬಾಗಿಲು ಹಾಕುವುದೆಂದು ತೀರ್ಮಾನವಾಗಿತ್ತು. ಶಿವಮೊಗ್ಗದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಜಾಗ ಇತ್ತು. ಆದರೆ ಅಲ್ಲಿ ಸಂದರ್ಶನದಲ್ಲಿ ಪ್ರಶ್ನೆ ಕೇಳುವವರು ಹೊರ ರಾಜ್ಯದವರು, ಕೇಳುವುದೆಲ್ಲ ಇಂಗ್ಲಿಷಿನಲ್ಲಿ. ಗಂಡ ತೀರಿಕೊಂಡು ಎರಡನೆಯ ವರ್ಷ. ಮನೆಯಲ್ಲಿ ಅವಳು, ಅವಳ ಅತ್ತೆ, ಇಬ್ಬರೇ. ಆ ಕೆಲಸ ಸಿಗದಿದ್ದರೆ ಮುಂದೇನು ಎಂಬುದನ್ನು ಅವಳು ಯಾರಿಗೂ ಹೇಳುತ್ತಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅತ್ತೆಯೂ ತರಗತಿಗೆ ಬರುತ್ತಿದ್ದರು. "ಮನೇಲಿ ಒಬ್ಬಳೇ ಕೂತು ಗೋಡೆ ನೋಡ್ಲಾ ಟೀಚರಮ್ಮ? ಇಲ್ಲೊಂದು ಮೂಲೇಲಿ ಇರ್ತೀನಿ, ಪಾಠಕ್ಕೆ ಅಡ್ಡ ಬರಲ್ಲ" ಎಂದು ಮೊದಲ ದಿನವೇ ಒಪ್ಪಿಗೆ ಪಡೆದಿದ್ದರು. ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ಒಂದು ಬಟ್ಟೆಚೀಲ, ಕೊನೆಯ ಬೆಂಚು. ಅಡ್ಡ ಬರಲ್ಲ ಅಂದದ್ದಷ್ಟೇ ಸುಳ್ಳು.

ನಾನು ಬೋರ್ಡಿನ ಮೇಲೆ ಬಸ್ಸಿನ ಉದಾಹರಣೆ ಬರೆದೆ. ಇಫ್ ದ ಬಸ್ ಕಮ್ಸ್, ಐ ವಿಲ್ ಗೋ. ನೀವು ಸ್ಟ್ಯಾಂಡಿನಲ್ಲಿ ನಿಂತಿದ್ದೀರಿ, ಬಸ್ಸು ಬರಲೂಬಹುದು. ಇಫ್ ದ ಬಸ್ ಕೇಮ್, ಐ ವುಡ್ ಗೋ. ಇವತ್ತು ಬಂದ್, ಬಸ್ಸು ಬರುವುದಿಲ್ಲ ಅಂತ ಗೊತ್ತಿದೆ, ಸುಮ್ಮನೆ ಕನಸು ಕಾಣುತ್ತಿದ್ದೀರಿ. ಇಫ್ ದ ಬಸ್ ಹ್ಯಾಡ್ ಕಮ್, ಐ ವುಡ್ ಹ್ಯಾವ್ ಗಾನ್. ನಿನ್ನೆ ಬರಬೇಕಿತ್ತು, ಬರಲಿಲ್ಲ, ಕೆಲಸ ಕೆಟ್ಟಿತು, ಇನ್ನೇನೂ ಮಾಡುವಂತಿಲ್ಲ. ನಮ್ಮ ಕನ್ನಡದಲ್ಲಿ ಮೊದಲ ಎರಡಕ್ಕೂ 'ಬಂದರೆ' ಒಂದೇ ಸಾಕು. ಬರುವ ಬಸ್ಸೋ ಬಾರದ ಬಸ್ಸೋ ಎಂಬುದು ಹೇಳುವವರ ಮುಖ ನೋಡಿದರೆ ತಿಳಿಯುತ್ತದೆ. ಇಂಗ್ಲಿಷಿನವರಿಗೆ ಮುಖದ ಮೇಲೆ ನಂಬಿಕೆ ಇಲ್ಲ, ಕ್ರಿಯಾಪದದಲ್ಲೇ ಬರೆದುಕೊಡಬೇಕು. ಮಾತು ನಿಜದಿಂದ ದೂರ ಹೋದಷ್ಟೂ ಕ್ರಿಯಾಪದ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆ. ಇಷ್ಟನ್ನು ಹೇಳಿದಾಗ ಹುಡುಗಿಯರ ಮುಖ ಅರಳಿತು.

"ಈಗ ನೀವು ಮಾಡಿ."

ತಮಿಳು ಮನೆಮಾತಿನ ಒಬ್ಬಳು ಎದ್ದು, "ಇಫ್ ಐ ವರ್ ಆ್ಯನ್ ಎಲಿಫೆಂಟ್, ಐ ವುಡ್ ಲಿವ್ ಇನ್ ಸಕ್ರೆಬೈಲು" ಅಂದಳು.

"ಏನಂತೆ?" ಹಿಂದಿನಿಂದ ಅತ್ತೆ.

"ಅವಳು ಆನೆ ಆಗಿದ್ದರೆ ಸಕ್ರೆಬೈಲಿನ ಆನೆ ಬಿಡಾರದಲ್ಲಿ ಇರುತ್ತಿದ್ದಳಂತೆ."

"ಆಗ್ಲಿ ಬಿಡು ಮಾರಾಯ್ತಿ. ಬೆಲ್ಲ ಕೊಟ್ಟು ಸಾಕ್ತಾರೆ, ತುಂಗೇಲಿ ಮೈ ತೊಳೀತಾರೆ. ಇಲ್ಲಿಗಿಂತ ಸುಖ."

ಎಲ್ಲರೂ ನಕ್ಕೆವು. ಮುಂದಿನವಳು, ಇಫ್ ಐ ಫಾಲ್ ಸಿಕ್, ಎಂದು ಶುರು ಮಾಡಿದಳು. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಸಿಕ್ ಎಂಬುದು ಸೊಸೆಯ ಕೆಲಸದ ಮಾತು.

"ಬಿಡ್ತು ಅನ್ನು."

"ಅಜ್ಜಿ, ಇದು ಗ್ರಾಮರ್."

"ಯಾರ ಮರವಾದ್ರೂ ಆಗ್ಲಿ. ಬಿಡ್ತು ಅನ್ನು."

ಹುಡುಗಿ ನಗುತ್ತ ಅಂದಳು. ಅಂದಿನಿಂದ ಅದೊಂದು ಆಟದಂತೆ ನಡೆಯಿತು. ಯಾರು ಬಸ್ಸಿನಿಂದ ಬಿದ್ದರೂ, ಯಾರ ಪರ್ಸು ಕಳೆದರೂ, ಕೊನೆಯ ಬೆಂಚಿನಿಂದ ಕೂಗು ಬರುತ್ತಿತ್ತು. ತರಗತಿ ಒಂದೇ ದನಿಯಲ್ಲಿ "ಬಿಡ್ತು" ಅನ್ನುತ್ತಿತ್ತು. ತಮಿಳು ಹುಡುಗಿ ತಮ್ಮ ಮನೆಯಲ್ಲೂ ಹೋಗ್ತೀನಿ ಅಂದರೆ ಬೈಯುತ್ತಾರೆ, ಹೋಗಿ ಬರ್ತೀನಿ ಅನ್ನಬೇಕು ಎಂದು ಹೇಳಿ ಅತ್ತೆಯ ಪ್ರೀತಿ ಗಳಿಸಿದಳು. ನನಗೆ ನಮ್ಮಜ್ಜಿಯೇ ಬಂದು ಕೂತಂತೆ ಇತ್ತು. ನಾನು ಅವರನ್ನು ತಡೆಯಲಿಲ್ಲ. ನಗದೆ ಇದ್ದವಳು ಸೊಸೆ ಒಬ್ಬಳೇ ಎಂಬುದು ಮೆಲ್ಲಗೆ ಕಣ್ಣಿಗೆ ಬಿತ್ತು.

ಸಂದರ್ಶನದ ಅಭ್ಯಾಸ ಶುರುವಾಯಿತು. ಮುಂದೊಂದು ಕುರ್ಚಿ ಹಾಕಿ ಒಬ್ಬೊಬ್ಬರನ್ನೇ ಕೂರಿಸಿ ಇಂಗ್ಲಿಷಿನಲ್ಲಿ ಕೇಳುತ್ತಿದ್ದೆ. ನರ್ಸು ಕುಳಿತಳು. ಹೆಸರು, ಓದು, ಅನುಭವ ಎಲ್ಲ ತಡವರಿಸದೆ ಹೇಳಿದಳು. ಆಮೇಲೆ, ಆಸ್ಪತ್ರೆಯವರು ಕೇಳಿಯೇ ಕೇಳುವ ಪ್ರಶ್ನೆ ಕೇಳಿದೆ: ನಿಮ್ಮ ರೋಗಿಯ ಹೃದಯ ನಿಂತರೆ ಏನು ಮಾಡುತ್ತೀರಿ?

"ನಿಲ್ಲಲ್ಲ ಮೇಡಂ" ಎಂದಳು ಇಂಗ್ಲಿಷಿನಲ್ಲಿ. "ನಾನು ಚೆನ್ನಾಗಿ ನೋಡಿಕೊಳ್ಳುತ್ತೇನೆ."

ತರಗತಿ ಗೊಳ್ಳೆಂದು ನಕ್ಕಿತು. ನಾನು ಪ್ರಶ್ನೆಯನ್ನು ತಿರುಗಿಸಿ ಕೇಳಿದೆ. ರೋಗಿಗೆ ಉಸಿರು ಕಟ್ಟಿದರೆ? "ಕಟ್ಟಲ್ಲ ಮೇಡಂ. ಹುಷಾರಾಗಿ ಮನೆಗೆ ಹೋಗ್ತಾರೆ."

ಅವಳಿಗೆ ಗೊತ್ತಿಲ್ಲದ್ದಲ್ಲ. ಬರೆಯಲು ಕೊಟ್ಟರೆ ಯಾರನ್ನು ಕರೆಯಬೇಕು, ಎದೆಯ ಮೇಲೆ ಕೈ ಎಲ್ಲಿಡಬೇಕು, ಎಷ್ಟು ಆಳಕ್ಕೆ ಒತ್ತಬೇಕು ಎಲ್ಲವನ್ನೂ ಸರಿಯಾದ ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಬಾಯಿಯಲ್ಲಿ ಮಾತ್ರ 'ಇಫ್' ಬರುತ್ತಿರಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಬೆಳೆದವರಿಗೆ ಆ ತಪ್ಪು ಎಲ್ಲಿಂದ ಬರುತ್ತದೆಂದು ತಿಳಿಯುತ್ತದೆ. ರೋಗಿಯ ಮನೆಯವರು "ಇವರಿಗೇನಾದರೂ ಆದರೆ" ಎಂದು ಕೇಳಿದಾಗ ಸಂಭಾವಿತ ಹೆಂಗಸು ಕೊಡುವ ಉತ್ತರ ಅದೇ: ಏನೂ ಆಗಲ್ಲ. ನಮ್ಮಲ್ಲಿ ಅದು ಉತ್ತರ. ಆದರೆ ಮೇಜಿನ ಆಚೆ ಕುಳಿತ ಪರವೂರಿನವರಿಗೆ, ಇವಳಿಗೆ ಕೆಲಸ ಬಾರದು ಎಂದಷ್ಟೇ ಅರ್ಥವಾದೀತು.

"ಅಭ್ಯಾಸದ ಮಾತು ಅಷ್ಟೆ, ಆಡಿ ತೋರಿಸು" ಎಂದೆ.

"ಬರ್ತಾ ಇಲ್ಲ ಮೇಡಂ" ಎಂದಳು.

ಹಿಂದಿನಿಂದ ಅತ್ತೆ, "ಬಾಯಲ್ಲಿ ಬಂದದ್ದು ಬಾಗಿಲಿಗೆ ಬರುತ್ತೆ ಟೀಚರಮ್ಮ. ಬೇರೆ ಏನಾದ್ರೂ ಕೇಳಿ" ಅಂದರು. ಆ ಸಲ ಯಾರೂ ನಗಲಿಲ್ಲ.

ಸಂದರ್ಶನಕ್ಕೆ ಮೊದಲಿನ ಭಾನುವಾರ ನಡೆದದ್ದು ಮೂರನೆಯ ಬಗೆಯ ವಾಕ್ಯದ ಪಾಠ. ಆಗಿಹೋದದ್ದರ ಬಗ್ಗೆ ಹೇಳುವ ವಾಕ್ಯ ಅದು. ಅದನ್ನು ಕಲಿಸುವಾಗ ನಾನು ಯಾವಾಗಲೂ ಸ್ವಲ್ಪ ಅಳುಕುತ್ತೇನೆ. ನಮ್ಮ ಮಾತಿನಲ್ಲಿ 'ಇದ್ದಿದ್ದರೆ', 'ಬಂದಿದ್ದರೆ' ಎಂಬುದನ್ನು ನಾನು ಮೊದಲು ಕೇಳಿದ್ದು ಸಾವಿನ ಮನೆಗಳ ಪಡಸಾಲೆಯಲ್ಲಿ. ಒಂದು ಮಾತು ತಿಳಿಸಿದ್ದರೆ ಓಡಿ ಬರ್ತಿದ್ದೆನಲ್ಲೋ, ಎಂದು ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಹಿರಿಯರು ಒಂದಷ್ಟು ಹೊತ್ತು ಅಳಲು ಬಿಟ್ಟು, ಆಮೇಲೆ "ಸಾಕು ತಾಯಿ, 'ರೆ' 'ರೆ' ಅಂತ ಅತ್ತಿದ್ದಕ್ಕೆ ಹೋದೋರು ಯಾರೂ ವಾಪಸ್ ಬಂದಿಲ್ಲ" ಎಂದು ಎಬ್ಬಿಸುತ್ತಿದ್ದರು. ಅದಕ್ಕೇ ನಾನು ಕೊಡೆಯ ಉದಾಹರಣೆ ಕೊಟ್ಟೆ. ಕೊಡೆ ತಂದಿದ್ದರೆ ನೆನೆಯುತ್ತಿರಲಿಲ್ಲ. ಎಲ್ಲರೂ ಒಂದೊಂದು ಮಾಡಿದರು. ನರ್ಸು ಮಾತ್ರ, "ಆಮೇಲೆ ಹೇಳ್ತೀನಿ ಮೇಡಂ" ಅಂದಳು.

ಟೀ ಬಿಡುವಿನಲ್ಲಿ ಹುಡುಗಿಯರು ಎದುರಿನ ಅಂಗಡಿಗೆ ಹೋದರು. ಕೋಣೆಯಲ್ಲಿ ನಾವು ಮೂವರೇ ಉಳಿದೆವು. ಅವಳು ಎದ್ದು ನಿಂತು, ಪಾಠ ಒಪ್ಪಿಸುವವಳಂತೆ ಕೈಕಟ್ಟಿಕೊಂಡು, "ಇಫ್ ಐ ಹ್ಯಾಡ್ ಸೆಡ್" ಎಂದು ನಿಲ್ಲಿಸಿದಳು.

"ಏನಂದ್ಳು?" ಎಂದರು ಅತ್ತೆ.

"ನಾನು ಹೇಳಿದ್ದಿದ್ದರೆ, ಅಂತ. ವಾಕ್ಯ ಇನ್ನೂ ಮುಗಿದಿಲ್ಲ."

ಅತ್ತೆ ಬಿಡ್ತು ಅನ್ನು ಎನ್ನಲಿಲ್ಲ. "ಏನು ಹೇಳಿದ್ದಿದ್ರೆ?" ಎಂದರು.

ಸೊಸೆ ಅವರ ಕಡೆ ತಿರುಗದೆ ನನಗೇ ಹೇಳಿದಳು. "ಅವತ್ತು ಬೆಳಿಗ್ಗೆ ಡ್ಯೂಟಿಗೆ ಹೊರಟಿದ್ದೆ ಮೇಡಂ. ತಡ ಆಗಿತ್ತು. ಚಪ್ಪಲಿ ಹಾಕ್ಕೋತಿದ್ದೆ. ನಮ್ಮನೆಯವರು ಪೇಪರ್ ಓದ್ತಾ ಕೂತಿದ್ರು. 'ನಾನು ಹೋದ್ರೂ ನಿಂಗೇನು ಮಾರಾಯ್ತಿ, ಕೈಯಲ್ಲಿ ಕೆಲಸ ಇದೆ' ಅಂತ ನಕ್ಕರು. ತಮಾಷೆಗೆ. ಬಿಡ್ತು ಅನ್ರಿ ಅನ್ನೋಕೆ ಬಾಯಿ ತೆಗೆದೆ. ಆಟೋದೋನು ಹಾರ್ನ್ ಹೊಡೆದ. ಹಾಗೇ ಓಡಿದೆ. ಮಧ್ಯಾಹ್ನ ಅವರನ್ನ ನಮ್ಮ ನರ್ಸಿಂಗ್ ಹೋಮಿಗೇ ಕರ್ಕೊಂಡು ಬಂದ್ರು." ಕಟ್ಟಿಕೊಂಡಿದ್ದ ಕೈ ಬಿಡಿಸಿ, "ನಾಡಿ ನೋಡಿದ್ದು ನಾನೇ" ಎಂದಳು.

ಹೊರಗೆ ಯಾರೋ ಸ್ಕೂಟರ್ ನಿಲ್ಲಿಸಿದ ಸದ್ದು. ಅತ್ತೆ ಚೀಲದ ಹಿಡಿಯನ್ನು ಬೆರಳಿಗೆ ಸುತ್ತುತ್ತಿದ್ದರು.

"ಹೋದ್ರೂ ಅನ್ಲಿಲ್ಲ ಅವನು. ಸತ್ರೂ ಅಂದ. ನಾನು ಸತ್ರೂ ನಿಂಗೇನು, ಅಂದ."

ಸೊಸೆ ಗಕ್ಕನೆ ತಿರುಗಿದಳು. "ನೀವು ಅಡುಗೆಮನೇಲಿದ್ರಿ ಅತ್ತೆ. ಒಗ್ಗರಣೆ ಹಾಕ್ತಿದ್ರಿ."

"ಒಗ್ಗರಣೆ ಸದ್ದಿಗೆ ಮಗನ ಮಾತು ಮುಚ್ಚಿಹೋಗುತ್ತಾ? ಕೇಳಿಸ್ತು. ಸಾಸಿವೆ ಸೀದೀತು ಅಂತ ಸೌಟು ಬಿಟ್ಟು ಬರ್ಲಿಲ್ಲ. ಹೆಂಡ್ತಿ ಅಲ್ಲೇ ಇದ್ದಾಳೆ, ಅನ್ನಿಸ್ತಾಳೆ ಅಂದ್ಕೊಂಡೆ."

"ನೀವು ಒಂದಿನಾನೂ ಹೇಳ್ಲಿಲ್ಲ."

"ಏನಂತ ಹೇಳ್ಲಿ? ನೀನು ಅನ್ನಿಸ್ಲಿಲ್ಲ ಅಂತ ಬೈದ ಹಾಗಾಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ನೀನು?"

"ನಿಮಗೆ ಗೊತ್ತಾದ್ರೆ ನನ್ನ ಮುಖ ನೋಡಲ್ಲ ಅಂತ."

ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ಇಬ್ಬರೂ ಅದೇ ಮಾತನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಡಾಡಿದ್ದರು. ಒಬ್ಬಳು ಅಂದಿನಿಂದ 'ರೆ' ಎಂಬುದನ್ನೇ ಬಾಯಿಗೆ ತರಲಿಲ್ಲ. ಇನ್ನೊಬ್ಬರು ಕಂಡಕಂಡವರ ಬಾಯಿಂದ ಬಿಡ್ತು ಅನ್ನಿಸುತ್ತ ಬಂದರು. ನಾವು ಅದನ್ನು ಆಟ ಅಂದುಕೊಂಡಿದ್ದೆವು.

"ಟೀಚರಮ್ಮ" ಎಂದರು ಅತ್ತೆ, "ನೀವು ಓದಿದೋರು. ಅವತ್ತು ಅನ್ನಿಸಿದ್ದಿದ್ರೆ ಉಳೀತಿದ್ನಾ?"

ನನ್ನ ಕೈಯಲ್ಲಿ ಸೀಮೆಸುಣ್ಣ ಇತ್ತು. ಓದಿದ್ದು ಒಂದು ಹೇಳುತ್ತಿತ್ತು. ಸೌತೆಕಾಯಿ ಕೆಳಗಿಟ್ಟು ನನ್ನ ತುಟಿಯನ್ನೇ ನೋಡುತ್ತಿದ್ದ ಅಜ್ಜಿ ಇನ್ನೊಂದು ಹೇಳುತ್ತಿದ್ದಳು. ಎರಡರಲ್ಲಿ ಯಾವುದನ್ನು ಆಡಿದರೂ ಆ ಹೆಂಗಸಿಗೆ ಅದು ಸಮಾಧಾನದ ಮಾತಿನಂತೆ ಮಾತ್ರ ಕೇಳಿಸುತ್ತಿತ್ತು.

ಸೊಸೆ ಹೋಗಿ ಅವರ ಪಕ್ಕದಲ್ಲಿ ಕುಳಿತಳು. ಅವರ ಮಣಿಕಟ್ಟನ್ನು ಹಿಡಿದುಕೊಂಡಳು, ನರ್ಸುಗಳು ಹಿಡಿಯುವ ಹಾಗೆ.

"ಇಲ್ಲ ಅತ್ತೆ. ರಿಪೋರ್ಟ್ ನಾನು ನೋಡಿದೀನಿ. ಹೃದಯಕ್ಕೆ ಹೋಗೋ ರಕ್ತನಾಳ ಮುಚ್ಚಿಹೋಗಿತ್ತು. ಅದು ಒಂದು ದಿನದ ಕೆಲಸ ಅಲ್ಲ, ಬಹಳ ಕಾಲದಿಂದ ಒಳಗೇ ಆಗ್ತಾ ಬಂದಿತ್ತು. ನಾನು ಅನ್ನಿಸಿದ್ದಿದ್ರೂ ಆಗ್ತಿತ್ತು. ನೀವು ಸೌಟು ಬಿಟ್ಟು ಬಂದಿದ್ದಿದ್ರೂ ಆಗ್ತಿತ್ತು."

"ನಿಜವಾಗ್ಲೂ?"

"ನಿಜ."

"ಇಷ್ಟು ಗೊತ್ತಿದ್ದೂ ನೀನ್ಯಾಕೆ ಒಳಗೇ ಬೇಯ್ತಿದ್ದೆ?"

"ಇನ್ನೊಬ್ಬರಿಗೆ ಹೇಳೋದು ಸುಲಭ ಅತ್ತೆ."

ಆಮೇಲೆ ಅತ್ತೆ ಅತ್ತರು. ಸಾವಿನ ಮನೆಯಲ್ಲಿ ಅಳುವ ಹಾಗೆ, ಮಾತು ಸೇರಿಸಿ, ಮಗನನ್ನು ಕರೆದು ಅತ್ತರು. ಸೊಸೆಯೂ ಅತ್ತಳು. ಟೀ ಕುಡಿದು ಬಂದ ಹುಡುಗಿಯರು ಬಾಗಿಲಲ್ಲೇ ನಿಂತರು. ತಮಿಳು ಹುಡುಗಿ ಉಳಿದವರನ್ನು ಸನ್ನೆ ಮಾಡಿ ಅಂಗಳಕ್ಕೆ ಕರೆದುಕೊಂಡು ಹೋದಳು. 'ಹೀಗಾಗಿದ್ದರೂ ಹಾಗೇ ಆಗುತ್ತಿತ್ತು' ಎನ್ನುವ 'ದ್ದರೂ' ವಾಕ್ಯವನ್ನು ನಾನು ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೆ. ಅದನ್ನು ಅವಳಷ್ಟು ಚೆನ್ನಾಗಿ ನಾನು ಎಂದೂ ಕಲಿಸಿರಲಿಲ್ಲ, ಮುಂದೆಯೂ ಕಲಿಸಲಾರೆ.

ಅಂದು ಅವರು ಹೊರಡುವಾಗ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಚೀಲ ಎತ್ತಿಕೊಂಡು, ನನ್ನ ಮುಂದೆಯೇ ಹಾದು ಹೋದರು. ಪ್ರತಿ ವಾರ "ಬರ್ತೀವಿ ಟೀಚರಮ್ಮ" ಎನ್ನದೆ ಹೊಸ್ತಿಲು ದಾಟದವರು. ಒಂದು ಕ್ಷಣ ನನ್ನ ಮೇಲೆ ಬೇಸರವಾಯಿತೇನೋ ಎಂದು ಕಳವಳಿಸಿದೆ. ಬಸ್ಸಿನಲ್ಲಿ ಕುಳಿತು, ಊರ ಹೊರಗೆ ಬಂದ ಮೇಲೆ ಹೊಳೆಯಿತು. ಸಾವಿನ ಮನೆಯಿಂದ ಎದ್ದು ಹೋಗುವಾಗ ನಮ್ಮಲ್ಲಿ ಯಾರೂ ಬರ್ತೀವಿ ಅನ್ನುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತೇವೆ.

ಸಂದರ್ಶನದ ದಿನ ನಾನೂ ಆಸ್ಪತ್ರೆಗೆ ಹೋದೆ. ಸೊಸೆ ಒಳಗೆ ಹೋಗಿದ್ದಳು. ಅತ್ತೆ ಹೊರಗಿನ ಕುರ್ಚಿಯೊಂದರಲ್ಲಿ ಕುಳಿತು ಹೋಗಿ ಬರುವ ಗಾಲಿಕುರ್ಚಿಗಳನ್ನು ನೋಡುತ್ತಿದ್ದರು. ನನಗೆ ಜಾಗ ಮಾಡಿಕೊಟ್ಟು, ಚೀಲದಿಂದ ಒಂದು ಚಕ್ಕುಲಿ ತೆಗೆದು ಕೊಟ್ಟರು. "ತಿನ್ನಿ. ನನ್ನ ಕೈಗೆ ಏನಾದ್ರೂ ಕೆಲಸ ಇರ್ಲಿ" ಎಂದು ಅವರೂ ಒಂದು ಮುರಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಹೊರಗೆ ಬಂದಳು. ಮುಖ ನೋಡಿದರೆ ಏನೂ ತಿಳಿಯುವಂತಿರಲಿಲ್ಲ.

"ಕೇಳಿದ್ರಾ?" ಎಂದೆ.

"ಅದನ್ನೇ ಕೇಳಿದ್ರು ಮೇಡಂ."

"ಯಾವ್ದು?" ಎಂದರು ಅತ್ತೆ.

"ವಾರ್ಡಲ್ಲಿ ನೀನೊಬ್ಬಳೇ ಇದ್ದಾಗ ಪೇಷಂಟ್ ಹಾರ್ಟ್ ನಿಂತ್ರೆ ಏನ್ ಮಾಡ್ತೀಯ, ಅಂತ."

ನಾನು ಅಭ್ಯಾಸಬಲದಿಂದ ಅತ್ತೆಯ ತುಟಿ ನೋಡಿದೆ. ಅದು ಅಲುಗಿತು, ನಿಂತಿತು.

"ಏನಂದೆ?"

ಅವಳು ಅಲ್ಲೇ, ಆ ಹಜಾರದಲ್ಲಿ, ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಹಾರ್ಟ್ ನಿಂತರೆ ಸಹಾಯಕ್ಕೆ ಕೂಗುತ್ತೇನೆ, ಕೂಡಲೇ ಎದೆ ಒತ್ತಲು ಶುರುಮಾಡುತ್ತೇನೆ, ಡಾಕ್ಟರ್ ಬರುವವರೆಗೆ ನಿಲ್ಲಿಸುವುದಿಲ್ಲ. ಇಫ್ ಎಲ್ಲಿ ಬರಬೇಕೋ ಅಲ್ಲೇ ಬಂತು. ಅತ್ತೆಗೆ ಒಂದು ಪದವೂ ತಿಳಿಯಲಿಲ್ಲ. ತಲೆ ಮಾತ್ರ ಆಡಿಸುತ್ತ ಕೇಳಿದರು.

"ಪೂರ್ತಿ ಹೇಳಿದ್ಯಾ?"

"ಪೂರ್ತಿ."

"ಅವರ ಬಾಯಿಂದ ಬಿಡ್ತು ಅನ್ನಿಸ್ಲಿಲ್ವಾ?"

"ಇಲ್ಲ ಅತ್ತೆ."

"ಪಾಪ, ಅವರಿಗೇನು ಗೊತ್ತು" ಎಂದರು. "ಆ ಪೇಷಂಟ್ ಯಾರೋ ಏನೋ. ಇಲ್ಲಿಂದಲೇ ನಾನು ಅಂದಿದೀನಿ ಬಿಡು."

ಕೆಲಸ ಅವಳಿಗೆ ಸಿಕ್ಕಿತು. ಅದು ಗೊತ್ತಾದದ್ದು ಆಮೇಲೆ. ಅಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಮೂವರೂ ನಡೆದು ಬಸ್ ಸ್ಟ್ಯಾಂಡಿಗೆ ಬಂದೆವು. ಭದ್ರಾವತಿಯ ಬಸ್ಸು ಹೊರಡುವುದರಲ್ಲಿತ್ತು. ಸೊಸೆ ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿದಳು. ಅವರು ಗಾಜು ಸರಿಸಿ ತಲೆ ಹೊರಗೆ ಹಾಕಿದರು.

"ಟೀಚರಮ್ಮ, ಇವಳಿಗೆ ಈ ಕೆಲಸ ಸಿಕ್ಕಿದ್ರೆ ನಮ್ಮನೇಲಿ ನಿಮಗೆ ಹೋಳಿಗೆ ಊಟ."

"ಬರ್ತೀನಿ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಿತು. ಅವರಿಗೆ ಇನ್ನೂ ಏನೋ ಹೇಳುವುದಿತ್ತು.

"ಸಿಗದೇ ಇದ್ರೂ ಊಟ!" ಎಂದು ಕೂಗಿದರು. "ಬರ್ತೀವಿ!"